ಸ್ಪರ್ಶವೂ ಬೆವರೂ: ಕರಾವಳಿಯ ಕುಷ್ಠರೋಗ ಚರಿತ್ರೆಯಲ್ಲಿ ಒಂದು ನರದ ಎಳೆ

ಉಪ್ಪಳ ಪೇಟೆಯನ್ನು ಒಳಗೊಂಡಿರುವ ಮಂಗಲ್ಪಾಡಿ ಇಂದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿಗೆ ಸೇರಿದ್ದರೂ 1956ರ ನವೆಂಬರ್ 1ರವರೆಗೆ ಅದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಊರಾಗಿತ್ತು, ಮತ್ತು ಕಚೇರಿಯ ಕೆಲಸವಿರಲಿ ಕಾಯಿಲೆಯಿರಲಿ ಅಲ್ಲಿಯ ಜನ ಮುಖ ಮಾಡುತ್ತಿದ್ದುದು ಬಡಗಣ ಮಂಗಳೂರಿನ ಕಡೆಗೆ. ರಾಜ್ಯದ ಗಡಿ ತಲಪಾಡಿಯಲ್ಲಿ ಬಂದು ನಿಂತ ಮೇಲೂ ಈ ರೂಢಿ ತಪ್ಪಲಿಲ್ಲ. ಆದಕಾರಣ ಈ ಭಾಗದ ಕುಷ್ಠರೋಗದ ಚರಿತ್ರೆಯನ್ನು ಹೇಳಹೊರಟವರು ಮಂಗಳೂರಿನ ಕಂಕನಾಡಿಯಿಂದ ತೊಡಗುವುದು ಸಹಜ. ಜರ್ಮನಿಯಿಂದ ಬಂದಿದ್ದ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದು, ಹತ್ತು ವರ್ಷಗಳ ತರುವಾಯ, 1890ರಲ್ಲಿ, ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠರೋಗಿಗಳ ಆಶ್ರಯಧಾಮವೊಂದನ್ನು ಸ್ಥಾಪಿಸಿದರು. ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ರೋಗಿಗಳ ನಡುವೆ ಬಾಳಿದ ಪಾದ್ರಿ ಡೇಮಿಯನ್ ಅದೇ ರೋಗಕ್ಕೆ ಬಲಿಯಾಗಿ ಆಗ ಒಂದು ವರ್ಷವಷ್ಟೇ ಕಳೆದಿತ್ತು. ಸರಕಾರ ನೇಮಿಸಿದ ಕುಷ್ಠರೋಗ ಆಯೋಗವು 1890-91ರಲ್ಲಿ ಭಾರತದಾದ್ಯಂತ ಸಂಚರಿಸಿ, ರೋಗವು ವಂಶಪಾರಂಪರ್ಯವಾಗಿ ಬರುವಂಥದ್ದಲ್ಲ, ಹರಡುವ ಶಕ್ತಿಯೂ ಅದಕ್ಕೆ ಅಲ್ಪವೇ ಎಂಬ ನಿಲುವಿಗೆ ಬಂದಿತು. ಆದರೆ ಮಹಾರೋಗವೆಂಬ ಹೆಸರಿಗೇ ಬೆದರುತ್ತಿದ್ದ ಜನರಿಗಾಗಲಿ, 1898ರಲ್ಲಿ ಕುಷ್ಠರೋಗಿಗಳ ಕಾಯಿದೆಯನ್ನು ಮಾಡಿದ ಸರಕಾರಕ್ಕಾಗಲಿ ಆ ಮಾತು ಹಿಡಿಸಿದಂತೆ ಕಾಣುವುದಿಲ್ಲ. ಕಾಯಿದೆಯು ಅಲೆದಾಡುವ ಬಡ ರೋಗಿಗಳನ್ನು ಹಿಡಿದು ಆಶ್ರಯಧಾಮಗಳಲ್ಲಿ ಇರಿಸಲು ಅವಕಾಶ ಕೊಟ್ಟಿತು.

ಕಂಕನಾಡಿಯಲ್ಲಿ ಆಶ್ರಯಧಾಮ ತೆರೆದ 1890ರಲ್ಲೇ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಪ್ರಯೋಗದ ವರದಿ ಯುರೋಪಿನಲ್ಲಿ ಅಚ್ಚಾಯಿತು. ಸೇಂಟ್ ಪೀಟರ್ಸ್‌ಬರ್ಗಿನ ಶರೀರಕ್ರಿಯಾ ವಿಜ್ಞಾನಿ ಇವಾನ್ ಟಾರ್ಖಾನೊವ್ ಮನುಷ್ಯರ ಚರ್ಮದ ಎರಡು ಕಡೆ ತಂತಿಗಳನ್ನು ಇರಿಸಿ ಅವನ್ನು ಸೂಕ್ಷ್ಮವಾದ ವಿದ್ಯುನ್ಮಾಪಕಕ್ಕೆ ಜೋಡಿಸಿ, ಮೈಯ ಇನ್ನೊಂದೆಡೆ ಮೃದುವಾದ ಕುಂಚದಿಂದ ಕಚಗುಳಿಯಿಟ್ಟಾಗ ಕೆಲವು ಕ್ಷಣಗಳ ತರುವಾಯ ಮಾಪಕದ ಸೂಚಿ ಅಲುಗಾಡುವುದನ್ನು ಕಂಡಿದ್ದರು. ಎರಡು ವರ್ಷ ಮೊದಲು ಫ್ರಾನ್ಸಿನ ಶಾರ್ಲ್ ಫೆರೆ ಮೈಯ ಮೂಲಕ ಅಲ್ಪ ಪ್ರಮಾಣದ ವಿದ್ಯುತ್ತನ್ನು ಹರಿಸಿ, ಇಂದ್ರಿಯಗಳು ಕೆರಳಿದಾಗ ಚರ್ಮವು ಅದಕ್ಕೆ ಒಡ್ಡುವ ತಡೆ ಕಡಿಮೆಯಾಗುತ್ತದೆಂದು ತೋರಿಸಿದ್ದರು. ಇವೆರಡಕ್ಕೂ ಮುಖ್ಯ ಕಾರಣ ಬೆವರು ಗ್ರಂಥಿಗಳೆಂಬುದು ಈಗ ಗೊತ್ತಿರುವ ಸಂಗತಿ. ಕಣ್ಣಿಗೆ ಹನಿ ಕಾಣುವ ಮುನ್ನವೇ ಗ್ರಂಥಿಗಳ ನಾಳಗಳಲ್ಲಿ ಉಪ್ಪುನೀರು ಏರುತ್ತದೆ, ಚರ್ಮದ ವಿದ್ಯುತ್ ಗುಣ ಬದಲಾಗುತ್ತದೆ. ಒಂದೆಡೆ ಮುಟ್ಟಿದ್ದು ಇನ್ನೊಂದೆಡೆ ಬೆವರಾಗಿ ಹೊರಡುತ್ತದೆಂಬ ಈ ಸಂಗತಿಯೂ, ಮುಟ್ಟಿದರೆ ತಿಳಿಯದ ಮತ್ತು ಬೆವರದ ಚರ್ಮವನ್ನು ಹೊತ್ತು ಕಂಕನಾಡಿಗೆ ಬರುತ್ತಿದ್ದ ರೋಗಿಗಳ ಸ್ಥಿತಿಯೂ ಒಂದೇ ವ್ಯವಸ್ಥೆಯ ಎರಡು ಮುಖಗಳಾಗಿದ್ದವು. ಆದರೆ ಅವನ್ನು ಜೊತೆಯಾಗಿಟ್ಟು ನೋಡುವ ಕಾಲ ಬರಲು ಮುಕ್ಕಾಲು ಶತಮಾನಕ್ಕಿಂತಲೂ ಹೆಚ್ಚು ಹಿಡಿಯಿತು.

ಜೊತೆಯಾಗಿಟ್ಟು ನೋಡಿದವರು ಹಿಂದೆ ಇರಲಿಲ್ಲವೆಂದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಕುಷ್ಠಾಧ್ಯಾಯವು ರೋಗ ಪೂರ್ತಿ ಪ್ರಕಟವಾಗುವ ಮೊದಲಿನ ಲಕ್ಷಣಗಳನ್ನು ಎಣಿಸುವಾಗ ಸ್ಪರ್ಶಜ್ಞಾನ ಇಲ್ಲವಾಗುವುದನ್ನು, ಬೆವರು ಅತಿಯಾಗುವುದು ಇಲ್ಲವೇ ನಿಂತೇಹೋಗುವುದನ್ನು, ಬಣ್ಣ ಕೆಡುವುದನ್ನು, ರೋಮ ನಿಮಿರುವುದನ್ನು ಒಂದೇ ಪಟ್ಟಿಯಲ್ಲಿ ಹೇಳುತ್ತದೆ. ಪ್ರಾಚೀನರ ಕುಷ್ಠವೆಂಬುದು ಹಲವು ಚರ್ಮರೋಗಗಳಿಗೆ ಸಲ್ಲುತ್ತಿದ್ದ ಹೆಸರಾದ್ದರಿಂದ ಈ ಪಟ್ಟಿಯನ್ನು ಇಂದಿನ ಕುಷ್ಠರೋಗದ ವರ್ಣನೆಯೆಂದು ನೇರವಾಗಿ ಓದುವುದು ಸರಿಯಲ್ಲ, ಅದರಲ್ಲಿ ಆಧುನಿಕ ನರವಿಜ್ಞಾನವನ್ನು ಹುಡುಕುವ ಉತ್ಸಾಹವಂತೂ ಬೇಡವೇ ಬೇಡ. ಹಾಗಿದ್ದರೂ ಸ್ಪರ್ಶವನ್ನೂ ಬೆವರನ್ನೂ ರೋಮಾಂಚವನ್ನೂ ಒಟ್ಟಿಗೆ ಗಮನಿಸಬೇಕೆಂದು ಕಂಡುಕೊಂಡ ಕಣ್ಣು ನುರಿತ ವೈದ್ಯರ ಕಣ್ಣೇ ಆಗಿತ್ತು, ಏಕೆಂದರೆ ಬೆವರಿಗೂ ರೋಮಾಂಚಕ್ಕೂ ಚರ್ಮದ ಬಣ್ಣವನ್ನು ತಿದ್ದುವ ರಕ್ತನಾಳಗಳಿಗೂ ಒಡೆಯ ಒಂದೇ ನರವ್ಯೂಹ.

ಆ ನರವ್ಯೂಹವನ್ನು ವೈದ್ಯರು ಸಿಂಪಥೆಟಿಕ್ ನರವ್ಯೂಹವೆಂದೂ ಕನ್ನಡದ ಶಾಸ್ತ್ರಗ್ರಂಥಗಳು ಅನುವೇದಕ ನರವ್ಯೂಹವೆಂದೂ ಕರೆಯುತ್ತವೆ. ನಮ್ಮ ಇಚ್ಛೆಯನ್ನು ಕೇಳದೆ ಹೃದಯ, ರಕ್ತನಾಳ, ಗ್ರಂಥಿ, ಕರುಳುಗಳನ್ನು ನಡೆಸುವ ಸ್ವಾಯತ್ತ ನರವ್ಯೂಹದ ಒಂದು ಪಾಲು ಅದು. ಬೆನ್ನುಹುರಿಯ ಎದೆಯ ಭಾಗದಿಂದಲೂ ಸೊಂಟದ ಮೇಲ್ಭಾಗದಿಂದಲೂ ಹೊರಟು, ಬೆನ್ನೆಲುಬಿನ ಇಕ್ಕೆಲಗಳಲ್ಲಿ ಸರಪಳಿಯಂತಿರುವ ನರಗಂಟುಗಳಲ್ಲಿ ತಂಗಿ, ಅಲ್ಲಿಂದ ಮೈಯ ಮೂಲೆಮೂಲೆಗೂ ಹರಡುತ್ತದೆ. 1850ರ ದಶಕದ ಆರಂಭದಲ್ಲಿ ಪ್ಯಾರಿಸಿನ ಕ್ಲೋಡ್ ಬರ್ನಾರ್ ಮೊಲದ ಕುತ್ತಿಗೆಯಲ್ಲಿರುವ ಈ ನರವನ್ನು ಕತ್ತರಿಸಿದಾಗ ಆ ಪಕ್ಕದ ಕಿವಿ ಕೆಂಪೇರಿ ಬಿಸಿಯಾಯಿತು. ಬ್ರೌನ್ ಸೆಕಾರ್ ಅದೇ ನರವನ್ನು ವಿದ್ಯುತ್ತಿನಿಂದ ಕೆರಳಿಸಿದಾಗ ಕಿವಿ ಬಿಳಚಿಕೊಂಡು ತಣ್ಣಗಾಯಿತು. ಹೀಗೆ ಚರ್ಮದ ರಕ್ತನಾಳಗಳನ್ನು ಬಿಗಿಯುವ ಅಧಿಕಾರ ಯಾರದೆಂಬುದು ಸ್ಥಿರವಾಯಿತು. ಮುಂದೆ ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ ಬೆಕ್ಕಿನ ಪಾದದ ಬೆವರು ಗ್ರಂಥಿಗಳಿಗೂ ರೋಮವನ್ನು ನಿಮಿರಿಸುವ ಸಣ್ಣ ಸ್ನಾಯುಗಳಿಗೂ ಹೋಗುವ ಎಳೆಗಳ ದಾರಿಯನ್ನು ಗುರುತಿಸಿದರು. 1898ರಲ್ಲಿ ಸ್ವಾಯತ್ತ ನರವ್ಯೂಹವೆಂಬ ಪಾರಿಭಾಷಿಕ ಹೆಸರನ್ನು ಚಾಲ್ತಿಗೆ ತಂದವರೂ ಅವರೇ. ಇವೆಲ್ಲ ಹೊರಹೋಗುವ ದಾರಿಯ ಚರಿತ್ರೆ. ಒಳಬರುವ ಸ್ಪರ್ಶವು ಈ ದಾರಿಯನ್ನು ಹೇಗೆ ಮುಟ್ಟುತ್ತದೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಮೊದಲ ಗಟ್ಟಿ ಉತ್ತರ ಯುದ್ಧದ ಆಸ್ಪತ್ರೆಯಿಂದ ಬಂತು. ಮೊದಲ ಮಹಾಯುದ್ಧದಲ್ಲಿ ಗುಂಡೇಟಿನಿಂದ ಬೆನ್ನುಹುರಿ ತುಂಡಾದ ಸೈನಿಕರನ್ನು ಪರೀಕ್ಷಿಸಿದ ಲಂಡನ್ನಿನ ಹೆನ್ರಿ ಹೆಡ್ ಮತ್ತು ಜಾರ್ಜ್ ರಿಡಕ್ 1917ರಲ್ಲಿ ಬರೆದ ಪ್ರಬಂಧದ ಪ್ರಕಾರ, ಗಾಯದ ಕೆಳಗಿನ ಮೈಯಲ್ಲಿ ಯಾವ ಸಂವೇದನೆಯೂ ಉಳಿಯದ ರೋಗಿಯ ಅಂಗಾಲನ್ನು ಗೀರಿದರೆ ಕಾಲು ಸೆಳೆದುಕೊಳ್ಳುವುದಷ್ಟೇ ಅಲ್ಲದೆ ಮೈಯಲ್ಲಿ ಬೆವರು ಕಿತ್ತುಬರುತ್ತಿತ್ತು. ರೋಗಿಗೆ ಗೀರಿದ್ದು ಗೊತ್ತೇ ಇಲ್ಲ, ಮಿದುಳಿಗೆ ಸುದ್ದಿ ಮುಟ್ಟಿಯೇ ಇಲ್ಲ. ಆದರೂ ಚರ್ಮದ ಪ್ರಚೋದನೆ ಬೆನ್ನುಹುರಿಯೊಳಗೇ ತಿರುಗಿ ಅನುವೇದಕ ನರಗಳನ್ನು ಕೆರಳಿಸಿತ್ತು. ಸ್ಪರ್ಶದ ಅರಿವು ಬೇರೆ, ಸ್ಪರ್ಶದ ಪರಿಣಾಮ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಬೆನ್ನುಹುರಿಯ ಗಾಯ ಎದೆಯ ಆರನೆಯ ನರದ ಮಟ್ಟದಲ್ಲೋ ಅದಕ್ಕಿಂತ ಮೇಲೋ ಆಗಿರುವವರಲ್ಲಿ ತುಂಬಿದ ಮೂತ್ರಕೋಶ, ಹಾಸಿಗೆಹುಣ್ಣು, ಬಿಗಿಯಾದ ಬಟ್ಟೆಯ ಮಡಿಕೆ ಇವು ಸಹ ರಕ್ತದೊತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲವೆಂಬುದನ್ನು ಇಂದು ಇಂಥ ರೋಗಿಗಳನ್ನು ನೋಡಿಕೊಳ್ಳುವ ಪ್ರತಿಯೊಬ್ಬ ದಾದಿಗೂ ಕಲಿಸಲಾಗುತ್ತದೆ.

ಸ್ಪರ್ಶವೆಲ್ಲ ಕೆರಳಿಸುವಂಥದ್ದೇ ಎಂದು ಇದರಿಂದ ತೀರ್ಮಾನಿಸಬಾರದು. ಜಪಾನಿನ ಅಕಿಯೊ ಸಾತೊ ಮತ್ತು ಅವರ ಸಂಗಡಿಗರು ಅರಿವಳಿಕೆಯಲ್ಲಿದ್ದ ಇಲಿಗಳ ಮೇಲೆ ದಶಕಗಳ ಕಾಲ ನಡೆಸಿದ ಪ್ರಯೋಗಗಳಲ್ಲಿ, ಚರ್ಮವನ್ನು ಚಿವುಟಿದಾಗ ಅಡ್ರಿನಲ್ ಗ್ರಂಥಿಗೆ ಹೋಗುವ ಅನುವೇದಕ ನರದ ಚಟುವಟಿಕೆ ಏರಿದರೆ, ಮೆತ್ತನೆಯ ಕುಂಚದಿಂದ ಸವರಿದಾಗ ಅದು ಇಳಿಯಿತು. ಗ್ರಂಥಿಯಿಂದ ರಕ್ತಕ್ಕೆ ಬಿಡುಗಡೆಯಾಗುವ ಅಡ್ರಿನಲಿನ್ ಸಹ ಹಾಗೆಯೇ ಏರಿ ಇಳಿಯಿತು. ಅರಿವಳಿಕೆಯಲ್ಲಿದ್ದ ಪ್ರಾಣಿಗೆ ಭಯವಾಗಲಿ ಹಿತವಾಗಲಿ ಇರುವಂತಿಲ್ಲವಾದ್ದರಿಂದ ಈ ಏರಿಳಿತ ನರಗಳ ನೇರ ಪ್ರತಿಕ್ರಿಯೆಯೆಂದೇ ತಿಳಿಯಬೇಕು.

ಒಳಬರುವ ಸ್ಪರ್ಶವೂ ಹೊರಹೋಗುವ ಅನುವೇದಕ ನರವೂ ಹೀಗೆ ಕೂಡುವ ಕಡೆಯಲ್ಲೇ ಕುಷ್ಠರೋಗದ ಸ್ಥಾನವಿರುವುದು. ನಾರ್ವೆಯ ಬರ್ಗೆನ್ನಿನಲ್ಲಿ ಅರ್ಮೌರ್ ಹ್ಯಾನ್ಸನ್ 1873ರಲ್ಲಿ ಗುರುತಿಸಿದ ಬ್ಯಾಕ್ಟೀರಿಯಾ ಮೈಯ ತಂಪಾದ ಭಾಗಗಳನ್ನು ಆರಿಸಿಕೊಂಡು ಚರ್ಮದಲ್ಲಿಯೂ, ಚರ್ಮಕ್ಕೆ ಸಮೀಪವಾಗಿ ಹಾಯುವ ನರಗಳಲ್ಲಿಯೂ ನೆಲೆಸುತ್ತದೆ. ನರದ ಎಳೆಗಳನ್ನು ಸುತ್ತಿಕೊಂಡು ಪೋಷಿಸುವ ಶ್ವಾನ್ ಕೋಶಗಳೇ ಅದರ ಮನೆ. ಮೊಣಕೈಯ ಹಿಂದೆ ಹಾಯುವ ಅಲ್ನರ್ ನರ, ಮೊಣಕಾಲಿನ ಹೊರಮಗ್ಗುಲಿನ ನರ, ಒಳಗಣಕಾಲಿನ ಹಿಂದಿನ ನರ, ಕಿವಿಯ ಕೆಳಗೆ ಕುತ್ತಿಗೆಯಲ್ಲಿ ಕೈಗೆ ಸಿಗುವ ನರ ಇವು ದಪ್ಪವಾಗುವುದು ಇದರಿಂದಲೇ. ಸ್ಪರ್ಶ, ನೋವು, ಬಿಸಿ, ತಂಪುಗಳ ಸುದ್ದಿಯನ್ನು ಒಳಗೆ ಒಯ್ಯುವ ಎಳೆಗಳೂ, ಬೆವರು ಗ್ರಂಥಿಗೆ ಅಪ್ಪಣೆಯನ್ನು ಹೊರಗೆ ತರುವ ಅನುವೇದಕ ಎಳೆಗಳೂ ಈ ಒಂದೇ ನರದ ಕಟ್ಟಿನೊಳಗೆ ಅಕ್ಕಪಕ್ಕದಲ್ಲಿ ಹಾಯುವುದರಿಂದ ರೋಗವು ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ. ಅದರಲ್ಲೂ ಕೊಬ್ಬಿನ ಹೊದಿಕೆಯಿಲ್ಲದ ಸಣ್ಣ ಎಳೆಗಳು ಬೇಗ ಹಾಳಾಗುತ್ತವೆ. ಬಿಸಿ ತಂಪುಗಳ ಅರಿವು ಸಾಮಾನ್ಯವಾಗಿ ಮೊದಲು ಹೋಗುವುದೂ, ಮಚ್ಚೆಯ ಮೇಲೆ ಬೆವರು ನಿಲ್ಲುವುದೂ ಇದೇ ಕಾರಣಕ್ಕೆ. ಕಡಲ ತೇವ ತುಂಬಿದ ಸೆಕೆಯಲ್ಲಿ, ಎಪ್ರಿಲ್ ಮೇ ತಿಂಗಳಲ್ಲಿ ಕೂತಲ್ಲೇ ಮೈ ತೊಯ್ಯುವ ಮಂಗಲ್ಪಾಡಿಯಂಥ ಊರಿನಲ್ಲಿ, ಒದ್ದೆ ಬೆನ್ನಿನ ನಡುವೆ ಒಣಗಿ ಉಳಿದ ಬಿಳಚು ಮಚ್ಚೆ ಯಾವ ಉಪಕರಣವೂ ಇಲ್ಲದೆ ಕಣ್ಣಿಗೆ ಬೀಳುವಂಥದ್ದು. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರಿಗೂ, ಬೆರಳ ತುದಿಯ ಸೂಕ್ಷ್ಮವನ್ನೇ ನಂಬಿ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವವರಿಗೂ ಈ ನಷ್ಟ ಹೊಟ್ಟೆಪಾಡಿನ ಮೇಲೆ ಬೀಳುವ ಪೆಟ್ಟಾಗಿರುತ್ತಿತ್ತು.

ಸಲ್ಫೋನ್ ಔಷಧಗಳು ಬರುವ ಮುಂಚೆ ಚಿಕಿತ್ಸೆಯೆಂದರೆ ಮುಖ್ಯವಾಗಿ ಚಾಲಮೊಗ್ರ ಜಾತಿಯ ಎಣ್ಣೆ. ಪಶ್ಚಿಮಘಟ್ಟದ ತಪ್ಪಲಿನಲ್ಲಿ ಬೆಳೆಯುವ, ಕನ್ನಡದಲ್ಲಿ ಗರುಡಫಲವೆಂದೂ ಮಲಯಾಳದಲ್ಲಿ ಮರೊಟ್ಟಿಯೆಂದೂ ಕರೆಯುವ ಮರದ ಬೀಜದ ಎಣ್ಣೆಯೂ ಅದೇ ಗುಂಪಿನದು. ಮಚ್ಚೆಗೆ ಹಚ್ಚಿಯೂ, ಕುಡಿಸಿಯೂ, ಇಪ್ಪತ್ತನೆಯ ಶತಮಾನದ ಆರಂಭದಿಂದ ಚುಚ್ಚುಮದ್ದಾಗಿ ಕೊಟ್ಟೂ ವೈದ್ಯರು ಅದರ ಮೇಲೆ ಬಹಳ ಭರವಸೆ ಇಟ್ಟಿದ್ದರು. ಫಲ ಅಷ್ಟಕ್ಕಷ್ಟೇ.

ರೋಗದ ತಿಳಿವಳಿಕೆಯನ್ನೇ ತಿರುಗಿಸಿದ ಕೆಲಸ ನಡೆದುದು ಆಗ ದಕ್ಷಿಣ ಕನ್ನಡವೂ ಸೇರಿದ್ದ ಮದರಾಸು ಪ್ರಾಂತದ ವೆಲ್ಲೂರಿನಲ್ಲಿ. ಕೊಲ್ಲಿಮಲೆಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯ ಕಲಿತ ಪಾಲ್ ಬ್ರ್ಯಾಂಡ್ 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ಕೊಳೆತು ಉದುರುತ್ತವೆಂದು ವೈದ್ಯರೂ ನಂಬಿದ್ದ ಆ ಕಾಲದಲ್ಲಿ ಅವರು ಒಬ್ಬೊಬ್ಬ ರೋಗಿಯ ದಿನಚರಿಯನ್ನು ಬೆನ್ನುಹತ್ತಿ, ಬೆರಳು ಸವೆಯುವುದು ಬಿಸಿ ಪಾತ್ರೆ, ತುಕ್ಕು ಹಿಡಿದ ಬೀಗ, ಮೊಳೆ, ರಾತ್ರಿ ಬಂದು ಕಡಿಯುವ ಇಲಿ ಇವುಗಳಿಂದ, ಅಂದರೆ ನೋವು ತಿಳಿಯದ ಕಾರಣಕ್ಕೆ ಮತ್ತೆ ಮತ್ತೆ ಆಗುವ ಗಾಯಗಳಿಂದ ಎಂದು ಸಾಧಿಸಿ ತೋರಿಸಿದರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನೋವಿನ ಅಭಾವಕ್ಕೇ ನಿಲ್ಲಿಸುತ್ತಾರೆ. ಆದರೆ ಅರ್ಧ ಕಥೆ ಇನ್ನೂ ಇದೆ. ಬೆವರು ನಿಂತ ಅಂಗೈ ಅಂಗಾಲುಗಳ ದಪ್ಪ ಚರ್ಮ ತೇವವಿಲ್ಲದೆ ಗಡಸಾಗಿ, ಗೆರೆಗಳ ಗುಂಟ ಸೀಳುತ್ತದೆ. ಆ ಸೀಳು ನೋಯುವುದಿಲ್ಲವಾದ್ದರಿಂದ ರೋಗಿ ನಡೆಯುತ್ತಲೇ ಇರುತ್ತಾನೆ, ಕೀವು ಆಳಕ್ಕಿಳಿದು ಮೂಳೆಯನ್ನು ಮುಟ್ಟುತ್ತದೆ. ಗಾಯಕ್ಕೆ ಬಾಗಿಲು ತೆರೆಯುವುದು ಅನುವೇದಕ ನರದ ಸಾವು, ಆ ಬಾಗಿಲು ತೆರೆದದ್ದು ತಿಳಿಯದಂತೆ ಮಾಡುವುದು ಸ್ಪರ್ಶನರದ ಸಾವು.

ಇತ್ತ ಪ್ರಯೋಗಶಾಲೆಗಳಲ್ಲಿ ಮನುಷ್ಯರ ನರದ ಮಾತನ್ನು ನೇರವಾಗಿ ಕೇಳುವ ವಿದ್ಯೆ 1960ರ ದಶಕದಲ್ಲಿ ಕೈಗೂಡಿತು. ಸ್ವೀಡನ್ನಿನ ಉಪ್ಸಾಲಾದಲ್ಲಿ ಕಾರ್ಲ್ ಎರಿಕ್ ಹಾಗ್ಬಾರ್ತ್ ಮತ್ತು ಓಕೆ ವಾಲ್ಬೊ ಕೂದಲಿನಷ್ಟು ಸಣ್ಣ ಟಂಗ್‌ಸ್ಟನ್ ಸೂಜಿಯನ್ನು ಎಚ್ಚರವಿರುವ ಮನುಷ್ಯರ ನರದೊಳಕ್ಕೆ, ಮೊದಲು ತಮ್ಮದೇ ತೋಳಿಗೆ, ತೂರಿಸಿ ಒಳಗೆ ಸಾಗುವ ಮಿಡಿತಗಳನ್ನು ದಾಖಲಿಸಿದರು. 1972ರಲ್ಲಿ ಆ ಬಳಗ ಪ್ರಕಟಿಸಿದ ಪ್ರಬಂಧಗಳಿಂದ ಚರ್ಮಕ್ಕೂ ಸ್ನಾಯುವಿಗೂ ಹೋಗುವ ಅನುವೇದಕ ಮಿಡಿತಗಳ ಸ್ವಭಾವ ಬೇರೆಬೇರೆಯೆಂದು ತಿಳಿಯಿತು: ಸ್ನಾಯುವಿನ ಕಡೆಯವು ರಕ್ತದೊತ್ತಡದ ಏರಿಳಿತಕ್ಕೆ ಅಂಟಿಕೊಂಡು ಹೃದಯದ ಬಡಿತದ ಲಯದಲ್ಲಿ ಸಾಗುತ್ತವೆ, ಚರ್ಮದ ಕಡೆಯವು ಹಠಾತ್ತನೆ ಮುಟ್ಟಿದರೆ, ಸದ್ದಾದರೆ, ಆಳವಾಗಿ ಉಸಿರೆಳೆದರೆ, ಮನಸ್ಸು ಕಲಕಿದರೆ ತಟ್ಟನೆ ಸಿಡಿಯುತ್ತವೆ, ತುಸು ಹೊತ್ತಿನಲ್ಲಿ ಬೆರಳ ತುದಿಯ ರಕ್ತನಾಳ ಬಿಗಿಯುತ್ತದೆ, ಅಂಗೈ ತೇವವಾಗುತ್ತದೆ. ಟಾರ್ಖಾನೊವ್ ಅವರ ಸೂಚಿ ಅಲುಗಾಡಿದ್ದು ಯಾವುದರಿಂದ ಎಂಬುದಕ್ಕೆ ಉತ್ತರ ಈಗ ನರದೊಳಗಿನಿಂದಲೇ ಸಿಕ್ಕಿತು.

ಅದೇ ವಿದ್ಯೆಯಿಂದ ಇನ್ನೊಂದು ಜಾತಿಯ ಎಳೆ ಬೆಳಕಿಗೆ ಬಂತು. ಉಂಗ್ವೆ ಜೊಟ್ಟರ್ಮನ್ 1939ರಲ್ಲಿ ಬೆಕ್ಕಿನಲ್ಲಿ ಕಂಡಿದ್ದ, ಹೊದಿಕೆಯಿಲ್ಲದ, ನಿಧಾನವಾಗಿ ಸುದ್ದಿ ಒಯ್ಯುವ ಸ್ಪರ್ಶದ ಎಳೆಗಳು ಮನುಷ್ಯರ ರೋಮವಿರುವ ಚರ್ಮದಲ್ಲಿಯೂ ಇವೆಯೆಂದು ವಾಲ್ಬೊ ಬಳಗ 1993ರಲ್ಲಿ ಮುಂದೋಳಿನಲ್ಲಿ ತೋರಿಸಿತು. ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದಲ್ಲಿ, ಅಂದರೆ ಮಗುವಿಗೆ ಎಣ್ಣೆ ಹಚ್ಚುವ ಕೈಯ ವೇಗದಲ್ಲಿ, ಸವರಿದಾಗ ಅವು ಹೆಚ್ಚು ಮಿಡಿಯುತ್ತವೆಂದು 2009ರಲ್ಲಿ ಗೊತ್ತಾಯಿತು. 2002ರಲ್ಲಿ ಹೊಕಾನ್ ಊಲಾಸನ್ ಮತ್ತು ಸಂಗಡಿಗರು ಪರೀಕ್ಷಿಸಿದ ಒಬ್ಬ ರೋಗಿಯಲ್ಲಿ ದಪ್ಪ ಸ್ಪರ್ಶನರಗಳೆಲ್ಲ ನಾಶವಾಗಿ ಈ ಸಣ್ಣ ಎಳೆಗಳು ಮಾತ್ರ ಉಳಿದಿದ್ದವು; ಕುಂಚದಿಂದ ಸವರಿದಾಗ ಮಸುಕಾದ ಹಿತವೊಂದು ಅವರಿಗೆ ತಿಳಿಯುತ್ತಿತ್ತು. ಕುಷ್ಠರೋಗಿಯ ಸ್ಥಿತಿ ಹೆಚ್ಚುಕಡಿಮೆ ಇದರ ತಿರುಗುಮುರುಗು: ಅಲ್ಲಿ ಮೊದಲು ಸಾಯುವುದು ಸಣ್ಣ ಎಳೆಗಳು. ಬೆರಳು ಒತ್ತಿದ್ದು ಇನ್ನೂ ತಿಳಿಯುವ ಮಚ್ಚೆಯಲ್ಲಿ ಬಿಸಿಯೂ ತಂಪೂ ಬೆವರೂ ಆಗಲೇ ಹೋಗಿರಬಹುದು. ಸವರಿದ ಕೈಯ ಹಿತವೂ ಅವುಗಳೊಂದಿಗೆ ಹೋಗುತ್ತದೆಯೇ ಎಂಬುದು ಕುಷ್ಠವೈದ್ಯದ ಗ್ರಂಥಗಳು ಹೆಚ್ಚಾಗಿ ಕೇಳದ ಪ್ರಶ್ನೆ, ಮುಟ್ಟಲು ಜನರೇ ಹಿಂಜರಿಯುತ್ತಿದ್ದ ರೋಗಿಗಳ ವಿಷಯದಲ್ಲಿ ಅದು ಕೇಳಲೇಬೇಕಾದ ಪ್ರಶ್ನೆಯಾಗಿದ್ದರೂ.

ಮಂಗಲ್ಪಾಡಿ ಕೇರಳಕ್ಕೆ ಸೇರುವ ಹೊತ್ತಿಗೆ ಸಲ್ಫೋನ್ ಗುಂಪಿನ ಡ್ಯಾಪ್ಸೋನ್ ಗುಳಿಗೆ ಬಂದಿತ್ತು, ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮ 1955ರಲ್ಲಿ ಆರಂಭವಾಗಿತ್ತು. 1983ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಗಿ ಬದಲಾಗಿ, ರಿಫಾಂಪಿಸಿನ್, ಕ್ಲೋಫಾಜಿಮಿನ್, ಡ್ಯಾಪ್ಸೋನ್‌ಗಳನ್ನು ಕೂಡಿಸಿ ಕೊಡುವ ಬಹುಔಷಧ ಚಿಕಿತ್ಸೆ ಜಾರಿಗೆ ಬಂತು. 2005ರ ಡಿಸೆಂಬರಿನಲ್ಲಿ ದೇಶದ ರೋಗಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಗುಳಿಗೆಯ ಈ ಯಶಸ್ಸು ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಲಕ್ಷಾಂತರ ಜನರನ್ನು ಪರೀಕ್ಷಿಸಬೇಕಾದ ಕಾರ್ಯಕ್ರಮ ತನ್ನ ಅನುಕೂಲಕ್ಕೆ ತಕ್ಕ ಲಕ್ಷಣಗಳನ್ನಷ್ಟೇ ಉಳಿಸಿಕೊಂಡಿತು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದಲೋ ಬಾಲ್‌ಪೆನ್ನಿನ ತುದಿಯಿಂದಲೋ ಮುಟ್ಟಿ ಕೇಳುವುದು, ಗೊತ್ತಾದ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗೈ ಅಂಗಾಲುಗಳನ್ನು ಪರೀಕ್ಷಿಸುವುದು, ಇವು ಉಳಿದವು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವೈಕಲ್ಯ ಶ್ರೇಣಿಯಲ್ಲಿ ಸ್ಪರ್ಶ ತಿಳಿಯದ ಕೈಕಾಲು ಒಂದನೆಯ ದರ್ಜೆ, ಕಣ್ಣಿಗೆ ಕಾಣುವ ವಿಕಾರ ಎರಡನೆಯ ದರ್ಜೆ. ಬೆವರಿಗೆ ಅಲ್ಲಿ ಮನೆಯಿಲ್ಲ. ಬೆವರು ಹೊರಡಿಸುವ ಪಿಲೊಕಾರ್ಪಿನ್ ಚುಚ್ಚಿ, ಅಯೋಡಿನ್ ಬಳಿದು, ಗಂಜಿಪುಡಿ ಉದುರಿಸಿ, ಪುಡಿ ನೀಲಿಗಟ್ಟುವುದೇ ಎಂದು ನೋಡುವ ಬೆವರಿನ ಪರೀಕ್ಷೆ ಹಳೆಯ ಪಠ್ಯಪುಸ್ತಕಗಳಲ್ಲಿತ್ತು, ಈಗ ಪುಟದ ಮೂಲೆಗೆ ಸರಿದಿದೆ. ಚರಕನ ಪಟ್ಟಿಯಲ್ಲಿ ಜೊತೆಗಿದ್ದ ಎರಡರಲ್ಲಿ ಒಂದನ್ನು ಆಧುನಿಕ ಆಡಳಿತ ಕೈಬಿಟ್ಟಿತೆನ್ನಬೇಕು. ಸಂಶೋಧಕರು ಅದನ್ನು ಪೂರ್ತಿ ಮರೆಯಲಿಲ್ಲ: ಟಾರ್ಖಾನೊವ್ ಅವರ ವಿಧಾನದ ವಂಶದಲ್ಲೇ ಹುಟ್ಟಿದ ಚರ್ಮದ ಅನುವೇದಕ ಪ್ರತಿಕ್ರಿಯೆಯ ಪರೀಕ್ಷೆಯನ್ನು ಭಗವಾನ್ ಶಹಾನಿ ಮತ್ತು ಸಂಗಡಿಗರು 1984ರಲ್ಲಿ ಸಣ್ಣ ನರಗಳ ರೋಗಕ್ಕೆ ಬಳಸಿ ತೋರಿಸಿದ ಮೇಲೆ ಕುಷ್ಠರೋಗಿಗಳಲ್ಲಿಯೂ ಅದನ್ನು ಪ್ರಯೋಗಿಸಿದ್ದಾರೆ. ಆದರೆ ಅದು ಊರಿನ ಆಸ್ಪತ್ರೆಯವರೆಗೆ ಇಳಿದುಬಂದಿಲ್ಲ.

ಕುಷ್ಠಕ್ಕಲ್ಲದಿದ್ದರೂ ಇನ್ನೊಂದು ರೋಗಕ್ಕೆ, ಕೈಯ ಸ್ಪರ್ಶವನ್ನೇ ಚಿಕಿತ್ಸೆಯ ಸಾಧನವಾಗಿ ತೆಗೆದುಕೊಂಡ ಒಂದು ಪ್ರಯತ್ನ ಮಾತ್ರ ಕಾಸರಗೋಡಿನಲ್ಲೇ ನಡೆಯಿತು. ಚರ್ಮವೈದ್ಯ ಎಸ್. ಆರ್. ನರಹರಿ 1999ರಲ್ಲಿ ಸ್ಥಾಪಿಸಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ, ಆಕ್ಸ್‌ಫರ್ಡಿನ ಟೆರೆನ್ಸ್ ರಯಾನ್ ಅವರ ಸಹಯೋಗದೊಂದಿಗೆ, ಆನೆಕಾಲು ರೋಗದಿಂದ ಊದಿಕೊಂಡ ಕಾಲುಗಳಿಗೆ ಅಲೋಪಥಿ, ಆಯುರ್ವೇದ, ಯೋಗಗಳನ್ನು ಹೊಂದಿಸಿದ ಚಿಕಿತ್ಸೆಯೊಂದನ್ನು ರೂಪಿಸಿತು: ಕಾಲನ್ನು ಸೋಪಿನಿಂದ ತೊಳೆದು, ಮೂಲಿಕೆಗಳ ನೀರಿನಲ್ಲಿ ನೆನೆಸಿ, ಕೈಯಿಂದ ಹಗುರವಾಗಿ ನೀವಿ ದುಗ್ಧರಸವನ್ನು ಮೇಲಕ್ಕೆ ಸಾಗಿಸಿ, ಬಿಗಿಯಾದ ಪಟ್ಟಿ ಸುತ್ತಿ, ಯೋಗಾಸನ ಮಾಡಿಸುವುದು ಅದರ ಕ್ರಮ. ದುಗ್ಧನಾಳಗಳ ಗೋಡೆಯ ಸ್ನಾಯುಗಳಿಗೂ ಅನುವೇದಕ ನರಗಳ ಎಳೆಗಳು ಹೋಗುತ್ತವೆ. ಹಾಗೆಂದು ಹಗುರವಾಗಿ ನೀವುವುದರ ಫಲವನ್ನೆಲ್ಲ ಆ ನರಗಳ ಲೆಕ್ಕಕ್ಕೆ ಬರೆಯುವುದು ಆತುರವಾದೀತು, ದ್ರವವನ್ನು ದೂಡುವ ಕೈಯ ಒತ್ತಡವೂ, ಸೋಂಕನ್ನು ತಡೆಯುವ ಶುಚಿತ್ವವೂ ಅಲ್ಲಿ ಕೆಲಸ ಮಾಡುತ್ತಿರುತ್ತವೆ.

2018ರಲ್ಲಿ ಕೇರಳ ಸರಕಾರ ಅಶ್ವಮೇಧಂ ಎಂಬ ಹೆಸರಿನಲ್ಲಿ ಮನೆಮನೆಗೆ ಹೋಗಿ ಕುಷ್ಠರೋಗವನ್ನು ಪತ್ತೆಹಚ್ಚುವ ಅಭಿಯಾನ ಆರಂಭಿಸಿತು. ಕನ್ನಡ, ತುಳು, ಬ್ಯಾರಿ, ಮಲಯಾಳ, ಉರ್ದು ಎಲ್ಲವೂ ಕೇಳಿಬರುವ ಮಂಗಲ್ಪಾಡಿಯಂಥ ಊರಿನಲ್ಲಿ ಆಶಾ ಕಾರ್ಯಕರ್ತೆಯರು ಯಾವ ಭಾಷೆಯಲ್ಲಿ ಕೇಳಿದರೂ ಪ್ರಶ್ನೆ ಒಂದೇ: ಮೈಯಲ್ಲಿ ಮುಟ್ಟಿದರೆ ತಿಳಿಯದ ಮಚ್ಚೆ ಇದೆಯೇ? ಆ ಮಚ್ಚೆ ಬೆವರುತ್ತದೆಯೇ ಎಂಬುದನ್ನು ಇದಕ್ಕೆ ಸೇರಿಸಲು ಖರ್ಚೇನೂ ತಗಲದು, ಸೆಕೆಗಾಲದಲ್ಲಂತೂ ಉತ್ತರ ಎದುರಿಗೇ ಇರುತ್ತದೆ. ರೋಗ ವಾಸಿಯಾದ ಮೇಲೂ ಮರಗಟ್ಟಿದ ಕಾಲುಳ್ಳವರಿಗೆ ಕಲಿಸುವ ಸ್ವ-ಆರೈಕೆಯಲ್ಲಿ ಬೆವರಿನ ನೆನಪು ಹೆಸರಿಲ್ಲದೆ ಉಳಿದುಕೊಂಡಿದೆ. ದಿನವೂ ಅರ್ಧ ಗಂಟೆಯಷ್ಟು ಹೊತ್ತು ಪಾದಗಳನ್ನು ತಣ್ಣೀರಿನಲ್ಲಿ ನೆನೆಸಿ, ಗಡಸಾದ ಅಂಚುಗಳನ್ನು ಒರಟು ಕಲ್ಲಿನಿಂದ ಉಜ್ಜಿ ತೆಗೆದು, ನೀರು ಆರುವ ಮುನ್ನವೇ ಎಣ್ಣೆ ಸವರಬೇಕೆಂದು ಅದು ಹೇಳುತ್ತದೆ. ಒಂದು ಕಾಲದಲ್ಲಿ ಅನುವೇದಕ ನರವು ಯಾರಿಗೂ ತಿಳಿಯದಂತೆ ಮಾಡುತ್ತಿದ್ದ ಕೆಲಸವನ್ನು ಹೀಗೆ ಬಕೆಟ್ಟಿನ ನೀರಿನಿಂದಲೂ ತೆಂಗಿನೆಣ್ಣೆಯಿಂದಲೂ ಮಾಡಿಕೊಳ್ಳಬೇಕಾಗುತ್ತದೆ, ಮತ್ತು ಮುಟ್ಟಿ ತಿಳಿಯಲಾರದ ಪಾದದಲ್ಲಿ ಸೀಳು ಬಿಟ್ಟಿದೆಯೇ ಎಂಬುದನ್ನು ಕಣ್ಣಿನಿಂದಲೇ ನೋಡಿಕೊಳ್ಳಬೇಕಾಗುತ್ತದೆ.